ಆಟಿಸಂ ಇರುವ ಮಕ್ಕಳಿಗೆ ಸಂಸ್ಥೆಗಳ ನೆರವು ಪಡೆಯುವುದು ಹೇಗೆ: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರು ಪದೇ ಪದೇ ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ. ಯಾರೋ ಒಂದು ಸಂಸ್ಥೆಯ ಹೆಸರು ಹೇಳಿದರು ಅಂತ ಮಗುವನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ‘ಯುಡಿಐಡಿ ಕಾರ್ಡ್ ಇದೆಯಾ?’ ಎಂದು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಕೇಳುತ್ತಾರೆ. ಕಾರ್ಡಿಗೆಂದು ಜಿಲ್ಲಾಸ್ಪತ್ರೆಗೆ ಹೋದರೆ ‘ಹಿಂದಿನ ರಿಪೋರ್ಟ್ ಎಲ್ಲಿ?’ ಅನ್ನುತ್ತಾರೆ. ರಿಪೋರ್ಟ್ ತಂದರೆ ಅದರಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಓಡಾಟದಲ್ಲೇ ವರ್ಷ ಮುಗಿಯುತ್ತದೆ. ಮಗುವಿಗೆ ಮಾತ್ರ ಒಂದು ದಿನದ ತರಬೇತಿಯೂ ಸಿಕ್ಕಿರುವುದಿಲ್ಲ.

ಕರ್ನಾಟಕದಲ್ಲಿ ನೆರವು ಇಲ್ಲ ಅಂತಲ್ಲ. ಆದರೆ ಪ್ರತಿ ಕಡೆಯೂ ಹಿಂದಿನ ಹೆಜ್ಜೆಯ ಕಾಗದ ಕೇಳುತ್ತಾರೆ. ಅದಕ್ಕೇ ಕ್ರಮ ತಪ್ಪಬಾರದು. ಜೊತೆಗೆ ಇನ್ನೊಂದು ಮಾತು ಈಗಲೇ ಹೇಳಬೇಕು: ಕಾಗದ ಬರಲಿ, ಆಮೇಲೆ ಕಲಿಸೋಣ ಅಂತ ಕಾಯಬೇಡಿ. ಮನೆಯಲ್ಲಿ ಕಲಿಸುವುದಕ್ಕೆ ಯಾವ ಕಾರ್ಡೂ ಬೇಕಿಲ್ಲ.

## ಯಾರಿಗೆ ಯಾವುದು ಅನ್ವಯಿಸುತ್ತದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳ ಪಟ್ಟಿ ಇದೆ. ಆಟಿಸಂ, ಬೌದ್ಧಿಕ ಅಂಗವಿಕಲತೆ, ಡಿಸ್ಲೆಕ್ಸಿಯಾದಂಥ (ಓದು ಬರಹ ಕಷ್ಟವಾಗುವ) ಕಲಿಕಾ ನ್ಯೂನತೆ ಈ ಪಟ್ಟಿಯಲ್ಲಿವೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ, ಪ್ರತ್ಯೇಕವಾಗಿ ಇಲ್ಲ. ಆದ್ದರಿಂದ ಎಡಿಎಚ್‌ಡಿ ಮಾತ್ರ ಇರುವ ಮಗುವಿಗೆ ಆ ಹೆಸರಿನಲ್ಲಿ ಪ್ರಮಾಣಪತ್ರ ಸಿಗುವುದಿಲ್ಲ. ಎಡಿಎಚ್‌ಡಿ ಜೊತೆ ಕಲಿಕಾ ನ್ಯೂನತೆಯೋ ಆಟಿಸಮ್ಮೋ ಇದೆಯಾ ಎಂದು ತಜ್ಞರು ನೋಡಿದ್ದಾರೆಯೇ ಅಂತ ಕೇಳಿ. ಎಷ್ಟೋ ಮಕ್ಕಳಲ್ಲಿ ಎರಡೂ ಇರುತ್ತವೆ, ಬರೆದಿರುವುದು ಮಾತ್ರ ಒಂದೇ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಬೇರೆಯೇ. ಇದರಡಿ ಇರುವ ಕೇಂದ್ರ ಸರ್ಕಾರದ ಸಂಸ್ಥೆಯನ್ನು ಜನ ನ್ಯಾಷನಲ್ ಟ್ರಸ್ಟ್ ಅಂತಲೇ ಕರೆಯುತ್ತಾರೆ. ಈ ಕಾಯ್ದೆಯ ವ್ಯಾಪ್ತಿಗೆ ಬರುವುದು ನಾಲ್ಕೇ: ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವುದು), ಬೌದ್ಧಿಕ ಅಂಗವಿಕಲತೆ, ಬಹು ಅಂಗವಿಕಲತೆ. ಕೆಳಗೆ ಬರುವ ವಿಮೆ ಮತ್ತು ಪಾಲಕತ್ವದ ಹೆಜ್ಜೆಗಳು ಈ ನಾಲ್ಕಕ್ಕೆ ಮಾತ್ರ.

## 1. ಮೊದಲು ಒಂದು ಫೈಲ್ ಮಾಡಿ

ಬೇಕಾಗುವುದು: ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಇತ್ತೀಚಿನ ಫೋಟೋಗಳು, ಅಪ್ಪ ಅಮ್ಮನ ಆಧಾರ್, ರೇಷನ್ ಕಾರ್ಡ್, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಇದುವರೆಗಿನ ಎಲ್ಲಾ ವೈದ್ಯರ ಚೀಟಿಗಳು.

ಎಲ್ಲದರಲ್ಲೂ ಹೆಸರು ಮತ್ತು ಹುಟ್ಟಿದ ದಿನಾಂಕ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಸೇರಿ, ಆಧಾರ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ ಆನ್‌ಲೈನ್ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ತಿದ್ದುಪಡಿ ಇದ್ದರೆ ಈ ಹಂತದಲ್ಲೇ ಮಾಡಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ಮನೆಯವರ ಹತ್ತಿರವೇ ಇದೆಯಾ ಎಂದೂ ನೋಡಿ, ಒಟಿಪಿ ಬರುವುದು ಅದಕ್ಕೇ.

ಫೋನ್‌ನಲ್ಲಿ ಮಗುವಿನ ಕೆಲವು ಚಿಕ್ಕ ವಿಡಿಯೋ ಇಟ್ಟುಕೊಳ್ಳಿ. ಊಟ ಮಾಡುವಾಗ, ಒಬ್ಬನೇ ಆಡುವಾಗ, ಹೆಸರು ಹಿಡಿದು ಕರೆದಾಗ, ನೆಂಟರು ಬಂದಾಗ. ಆಸ್ಪತ್ರೆಯ ಹೊಸ ಕೋಣೆಯಲ್ಲಿ ಮಗು ಮನೆಯಲ್ಲಿರುವ ಹಾಗೆ ಇರುವುದೇ ಇಲ್ಲ, ಅಲ್ವಾ? ತಜ್ಞರಿಗೆ ಈ ವಿಡಿಯೋಗಳಿಂದ ತುಂಬಾ ಅನುಕೂಲ.

## 2. ಸರಿಯಾದ ಜಾಗದಲ್ಲಿ ತಪಾಸಣೆ

ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್, ಈ ಮೂರೂ ಸರ್ಕಾರಿ ಸಂಸ್ಥೆಗಳು. ಇಷ್ಟು ದೂರ ಹೋಗಲು ಆಗದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ಮಕ್ಕಳ ಬೆಳವಣಿಗೆಯಲ್ಲಿ ಹಿನ್ನಡೆ ಇದ್ದರೆ ಬೇಗ ಪತ್ತೆ ಮಾಡಲೆಂದೇ ಇರುವ ಕೇಂದ್ರ ಅದು. ಅಂಗನವಾಡಿಯಿಂದಲೂ ಅಲ್ಲಿಗೆ ಕಳಿಸಿಕೊಡುತ್ತಾರೆ.

ಆಟಿಸಂ ಪ್ರಮಾಣಪತ್ರಕ್ಕೆ ನಮ್ಮ ದೇಶದಲ್ಲಿ ಬಳಸುವ ಅಳತೆಯ ಹೆಸರು ಐಎಸ್‌ಎಎ. ಇದರಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದು ಪರಿಗಣಿಸುತ್ತಾರೆ. ಅಂಕ ಕೊಡುವುದು ‘ಮಾಡುತ್ತಾನಾ ಇಲ್ಲವಾ’ ಅಂತಲ್ಲ, ‘ಎಷ್ಟು ಸಲ’ ಅಂತ. ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗುವುದು ಇಲ್ಲೇ.

‘ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ?’ ಎಂದು ಕೇಳಿದರೆ ಅಮ್ಮ ‘ಹೂಂ, ನೋಡ್ತಾನೆ’ ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಹಸಿವಾದಾಗ ಮಗ ತನ್ನ ಮುಖ ನೋಡಿದ್ದು. ಪಕ್ಕದ ಮನೆಯವರನ್ನು ನೋಡುವುದಿಲ್ಲ, ಟೀಚರ್ ಕರೆದರೆ ತಿರುಗುವುದಿಲ್ಲ. ಅದು ಮಾತಿನಲ್ಲಿ ಬರುವುದೇ ಇಲ್ಲ. ಹಾಗೆಯೇ ‘ಮಾತಾಡ್ತಾನಾ?’ ಅಂದರೆ ‘ಚೆನ್ನಾಗಿ ಮಾತಾಡ್ತಾನೆ’. ಟಿವಿ ಜಾಹೀರಾತನ್ನು ಪೂರ್ತಿ ಒಪ್ಪಿಸುವ ಮಗು ನೀರು ಬೇಕೆಂದು ಕೇಳಲಾರದು ಎಂಬ ಮಾತನ್ನು ನೀವೇ ಸೇರಿಸಬೇಕು. ಯಾರ ಜೊತೆ, ದಿನಕ್ಕೆ ಎಷ್ಟು ಸಲ, ಯಾರೂ ಸಹಾಯ ಮಾಡದೆ ಆಗುತ್ತದಾ, ಈ ಮೂರನ್ನು ಪ್ರತಿ ಉತ್ತರಕ್ಕೂ ಸೇರಿಸಿ. ಹೆಚ್ಚು ಮಾಡಿ ಹೇಳುವುದು ಬೇಡ. ಮುಚ್ಚಿಡುವುದಂತೂ ಬೇಡವೇ ಬೇಡ.

ಎಚ್ಚರಿಕೆ: ‘ಆರು ತಿಂಗಳಲ್ಲಿ ಪೂರ್ತಿ ಗುಣ ಮಾಡುತ್ತೇವೆ’ ಅನ್ನುವವರಿಂದ ದೂರ ಇರಿ. ಆಟಿಸಂ ಕಾಯಿಲೆಯಲ್ಲ, ಮಿದುಳು ಬೆಳೆದ ರೀತಿಯೇ ಬೇರೆ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಒಡವೆ ಅಡ ಇಟ್ಟು ಅಲ್ಲಿಗೆ ಹೋಗಬೇಡಿ. ಆ ದುಡ್ಡಿನಲ್ಲಿ ವರ್ಷಗಟ್ಟಲೆ ಒಳ್ಳೆಯ ಥೆರಪಿ ಕೊಡಿಸಬಹುದು.

## 3. ಯುಡಿಐಡಿ ಕಾರ್ಡ್

ಕೇಂದ್ರ ಸರ್ಕಾರದ ಸ್ವಾವಲಂಬನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ಹಳ್ಳಿಯಲ್ಲಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಹುಡುಕಿ. ಪಂಚಾಯಿತಿ ಕಚೇರಿಯಲ್ಲಿ ಕೇಳಿದರೆ ಅವರ ನಂಬರ್ ಸಿಗುತ್ತದೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅರ್ಜಿ ತುಂಬುವುದು, ಆಸ್ಪತ್ರೆಯಲ್ಲಿ ಯಾವ ದಿನ ಬೋರ್ಡ್ (ಮಗುವನ್ನು ನೋಡಿ ಪ್ರಮಾಣಪತ್ರ ಕೊಡುವ ವೈದ್ಯರ ಮಂಡಳಿ) ಕೂರುತ್ತದೆ ಎಂದು ಹೇಳುವುದು, ಮಾಸಾಶನಕ್ಕೆ ಮುಂದೆ ಏನು ಮಾಡಬೇಕು ಎಂದು ತಿಳಿಸುವುದು, ಎಲ್ಲಾ ಇವರ ಕೆಲಸವೇ. ಮಧ್ಯವರ್ತಿಗೆ ಸುಮ್ನೆ ದುಡ್ಡು ಕೊಡಬೇಡಿ.

ಅರ್ಜಿಯಲ್ಲಿ ಅಂಗವಿಕಲತೆಯ ಬಗೆ ಆರಿಸುವಾಗ ‘ಆಟಿಸಂ ಸ್ಪೆಕ್ಟ್ರಮ್’ ಅಂತಲೇ ಆರಿಸಿ. ಅವಸರದಲ್ಲಿ ‘ಮಾನಸಿಕ ಅಸ್ವಸ್ಥತೆ’ ಒತ್ತಿದರೆ ಬೇರೆ ತಜ್ಞರ ಹತ್ತಿರ ಕಳಿಸುತ್ತಾರೆ, ಸರಿಪಡಿಸಲು ಮತ್ತೆ ಮೊದಲಿನಿಂದ ಶುರು. ಬೋರ್ಡ್ ದಿನ ಮೂಲ ರಿಪೋರ್ಟ್‌ಗಳ ಜೊತೆ ಒಂದೊಂದು ಜೆರಾಕ್ಸ್, ಮಗುವಿಗೆ ತಿಂಡಿ, ಇಷ್ಟದ ಆಟಿಕೆ, ಗದ್ದಲ ತಡೆಯಲಾಗದ ಮಗುವಾದರೆ ಕಿವಿ ಮುಚ್ಚುವ ಹೆಡ್‌ಫೋನ್ ಒಯ್ಯಿರಿ. ಕಾಯುವುದು ಗಂಟೆಗಟ್ಟಲೆ ಆಗಬಹುದು. ಮಗುವಿಗೆ ಕಷ್ಟವಾಗುತ್ತಿದ್ದರೆ ಸಿಬ್ಬಂದಿಗೆ ಮೊದಲೇ ಹೇಳಿ, ಸಂಕೋಚ ಬೇಡ.

ಬಂದ ಕಾರ್ಡಿನ ಬಣ್ಣ ನೋಡಿ. ಅಂಗವಿಕಲತೆಯ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಅದಕ್ಕಿಂತ ಮೇಲೆ ನೀಲಿ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಗಡಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಕಾರ್ಡ್ ಕೊಡುವುದುಂಟು. ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಅವಧಿ ಮುಗಿದ ಕಾರ್ಡ್ ಇಟ್ಟುಕೊಂಡು ಮಾಸಾಶನ ನಿಂತುಹೋಯಿತು ಎಂದು ಅಳುವ ಮನೆಗಳು ಎಷ್ಟೋ ಇವೆ. ಕಲಿಕಾ ನ್ಯೂನತೆಗೆ ನಿಯಮ ಬೇರೆ. 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ ಆಗಬೇಕು.

## 4. ನಿರಾಮಯ ವಿಮೆ

ಕಾರ್ಡ್ ಕೈಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ಇದು. ನ್ಯಾಷನಲ್ ಟ್ರಸ್ಟ್‌ನ ಈ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯೂ ಇಲ್ಲ. ಹೊಸದಾಗಿ ಸೇರಲು ಬಿಪಿಎಲ್ ಕುಟುಂಬಕ್ಕೆ 250 ರೂಪಾಯಿ, ಎಪಿಎಲ್‌ಗೆ 500 ರೂಪಾಯಿ. ಆಸ್ಪತ್ರೆಗೆ ಸೇರಿದ್ದಕ್ಕೆ ಮಾತ್ರವಲ್ಲ, ಥೆರಪಿ ಖರ್ಚಿಗೂ ಒಂದು ಮಿತಿಯೊಳಗೆ ಹಣ ವಾಪಸ್ ಬರುತ್ತದೆ.

ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿಸಿರುವ ಸಂಸ್ಥೆಗಳ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಜಿಲ್ಲಾವಾರು ಇದೆ. ಅರ್ಜಿ ಹಾಕಲು ಆ ಸಂಸ್ಥೆಗಳು ನೆರವಾಗುತ್ತವೆ. ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಫೈಲಿನಲ್ಲಿಡಿ. ಮುಂದಿನ ಹೆಜ್ಜೆಗೂ ಅದೇ ಬೇಕು.

ಬಿಲ್ ತಿರಸ್ಕಾರ ಆಗುವುದು ಸಾಮಾನ್ಯವಾಗಿ ಹೀಗೆ: ಥೆರಪಿಸ್ಟ್ ಬರೀ ಬಿಳಿ ಹಾಳೆಯಲ್ಲಿ ಮೊತ್ತ ಬರೆದು ಸಹಿ ಹಾಕಿರುತ್ತಾರೆ. ವೈದ್ಯರ ಚೀಟಿ ಇರುವುದಿಲ್ಲ. ದಿನಾಂಕಗಳು ತಾಳೆಯಾಗುವುದಿಲ್ಲ. ಅದಕ್ಕೇ ತಿಂಗಳು ತಿಂಗಳೂ ಸೀಲು, ನೋಂದಣಿ ಸಂಖ್ಯೆ, ಬಂದ ದಿನಗಳ ಪಟ್ಟಿ ಇರುವ ರಸೀದಿ ತಗೊಳ್ಳಿ. ಒಟ್ಟಿಗೆ ವರ್ಷದ ಕೊನೆಗೆ ಕೇಳಿದರೆ ಯಾರೂ ಸರಿಯಾಗಿ ಕೊಡುವುದಿಲ್ಲ. ವಿಮೆ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ನವೀಕರಣವನ್ನು ಫೆಬ್ರವರಿಯಲ್ಲೇ ನೆನಪಿಸಿಕೊಳ್ಳಿ.

## 5. ಸಂಸ್ಥೆಯನ್ನು ಆರಿಸುವುದು

ಈ ಹೆಜ್ಜೆಗೆ ಸಮಯ ಕೊಡಿ. ಹೆಸರು ದೊಡ್ಡದು ಎಂಬುದೊಂದೇ ಸಾಲದು. ನಿಮ್ಮ ಮಗುವಿನ ವಯಸ್ಸು, ಮನೆಯಿಂದ ದೂರ, ದಿನವೂ ಕರೆದೊಯ್ಯುವವರು ಯಾರು, ಇವೇ ಹೆಚ್ಚು ಮುಖ್ಯ. ಎರಡು ಬಸ್ ಬದಲಾಯಿಸಿ ಹೋಗುವ ಮಗು ಅಲ್ಲಿ ತಲುಪುವ ಹೊತ್ತಿಗೇ ಸುಸ್ತಾಗಿರುತ್ತದೆ.

ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ 1959ರಿಂದ ಇದೆ. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಗಿದ್ದು 1982ರಲ್ಲಿ, ಅಲ್ಲಿ ಆಟಿಸಂ ಇರುವ ಮಕ್ಕಳಿಗೂ ವಿಭಾಗ ಇದೆ. ಆಶಾ ಎಂಬ ಅಕಾಡೆಮಿ 1995ರಿಂದ ಆಟಿಸಂಗೆಂದೇ ಕೆಲಸ ಮಾಡುತ್ತಿದೆ. ದಿಯಾ ಫೌಂಡೇಶನ್ ದೊಡ್ಡವರಾದ ಮಕ್ಕಳಿಗೆ ಕೆಲಸ ಕಲಿಸುತ್ತದೆ. ಮಂಗಳೂರಿನ ಕಡೆಯವರಿಗೆ ಶಕ್ತಿನಗರದ ಸಾನಿಧ್ಯ ಇದೆ. ದೆಹಲಿಯಲ್ಲಿರುವ ಕನ್ನಡಿಗರಿಗೆ ಆಕ್ಷನ್ ಫಾರ್ ಆಟಿಸಂ ಇದೆ. ಅಲ್ಲಿ ಪೋಷಕರಿಗೇ ತರಬೇತಿ ಕೊಡುತ್ತಾರೆ. ನಿಮ್ಮ ಊರಿನದು ಈ ಹೆಸರುಗಳಲ್ಲಿ ಇಲ್ಲದಿದ್ದರೆ ಮೇಲೆ ಹೇಳಿದ ನ್ಯಾಷನಲ್ ಟ್ರಸ್ಟ್ ಪಟ್ಟಿ ಹಿಡಿದು ಹುಡುಕಿ.

ಹೋಗುವ ಮೊದಲು ಎರಡು ನೋಂದಣಿ ಪರಿಶೀಲಿಸಿ. ಸಂಸ್ಥೆಗೆ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಪ್ರಮಾಣಪತ್ರ ಇರಲೇಬೇಕು. ಅಲ್ಲಿನ ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಸಿಆರ್‌ಆರ್ ಸಂಖ್ಯೆ, ಅಂದರೆ ಅವರ ನೋಂದಣಿ ಸಂಖ್ಯೆ ಇರಬೇಕು. ‘ನಿಮ್ಮ ಸಿಆರ್‌ಆರ್ ನಂಬರ್ ಎಷ್ಟು ಮೇಡಂ?’ ಎಂದು ಕೇಳಿದರೆ ಓದಿಕೊಂಡವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋದಾಗ ಆಫೀಸಿನಲ್ಲಿ ಕೂತು ಮಾತಾಡಿ ಬರಬೇಡಿ, ತರಗತಿ ನೋಡಿ. ಮಗು ಕೈ ಅಲುಗಾಡಿಸಿದರೆ ಗದರುತ್ತಾರಾ? ಅಳುವ ಮಗುವಿಗೆ ಸುಧಾರಿಸಿಕೊಳ್ಳಲು ನಿಶ್ಶಬ್ದದ ಮೂಲೆ ಇದೆಯಾ? ಮಾತು ಬಾರದ ಮಗು ‘ಬೇಡ’ ಎಂದು ಹೇಳಲು ಏನು ದಾರಿ ಕೊಟ್ಟಿದ್ದಾರೆ? ಈ ಕೊನೆಯ ಪ್ರಶ್ನೆಯೊಂದೇ ಸಾಕು, ಆ ಜಾಗ ಎಂಥದ್ದು ಎಂದು ಗೊತ್ತಾಗುತ್ತದೆ. ಅಪ್ಪ ಅಮ್ಮ ಒಳಗೆ ಬರುವಂತೆಯೇ ಇಲ್ಲ, ನಾವು ಹೇಳಿದ್ದಷ್ಟೇ ಕೇಳಿ ಅನ್ನುವ ಕಡೆ ಸೇರಿಸಬೇಡಿ.

ಗುರಿಗಳನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ‘ಸಾಮಾಜಿಕ ಕೌಶಲ ಹೆಚ್ಚಿಸುವುದು’ ಎಂದು ಬರೆದಿದ್ದರೆ ಅದು ಗುರಿಯಲ್ಲ, ಅಳೆಯಲು ಆಗುವುದಿಲ್ಲ. ‘ಮೂರು ತಿಂಗಳಲ್ಲಿ, ಅಂಗಡಿಯಲ್ಲಿ 20 ರೂಪಾಯಿ ಕೊಟ್ಟು ಬಿಸ್ಕತ್ ಕೇಳಿ, ಚಿಲ್ಲರೆ ಬರುವವರೆಗೆ ನಿಲ್ಲುವುದು’ ಎಂದಿದ್ದರೆ ಅದು ಗುರಿ. ಮನೆಯಲ್ಲೂ ಅದನ್ನೇ ಅಭ್ಯಾಸ ಮಾಡಿಸಬಹುದು.

ಭಾಷೆಯ ವಿಷಯ ಒಂದಿಷ್ಟು ಹೇಳಲೇಬೇಕು. ‘ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಮಾತಾಡಿ, ಇಲ್ಲಾಂದ್ರೆ ಮಗುವಿಗೆ ಗೊಂದಲ’ ಎಂಬ ಸಲಹೆ ಈಗಲೂ ಕೇಳಿಬರುತ್ತದೆ. ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದು. ಅಜ್ಜಿಯ ಮಾತು ನಿಂತರೆ ಮನೆಯಲ್ಲಿ ಮಗುವಿನ ಜೊತೆ ಅತಿ ಹೆಚ್ಚು ಹೊತ್ತು ಇರುವವರ ಮಾತೇ ನಿಂತಂತೆ. ಕನ್ನಡದಲ್ಲೇ ಮಾತಾಡಿ. ಚಿತ್ರದ ಕಾರ್ಡ್ ಬಳಸಿದರೆ ಮಾತು ಬರುವುದಿಲ್ಲ ಎಂಬುದೂ ತಪ್ಪು. ಬೇಕಾದ್ದನ್ನು ಕೇಳಲು ದಾರಿ ಸಿಕ್ಕ ಮಗು ಕಿರುಚುವುದು ಕಡಿಮೆಯಾಗುತ್ತದೆ.

ದುಡ್ಡಿನ ವಿಷಯದಲ್ಲೂ ಮುಜುಗರ ಬೇಡ. ಲಾಭರಹಿತ ಅಂದ ಮಾತ್ರಕ್ಕೆ ಎಲ್ಲಾ ಉಚಿತ ಅಂತಲ್ಲ. ಆದಾಯ ನೋಡಿ ಶುಲ್ಕ ಇಳಿಸುವ ಕಡೆಗಳಿವೆ, ಕೇಳಿದವರಿಗೆ ಮಾತ್ರ ಸಿಗುತ್ತದೆ. ಇಡೀ ವರ್ಷದ ಹಣ ಮುಂಗಡ ಕೇಳಿದರೆ ಕಾರಣ ಕೇಳಿ. ರಸೀದಿ ಕೊಡದೆ ‘ಡೊನೇಷನ್’ ಅಂದರೆ ಎದ್ದು ಬನ್ನಿ.

## 6. ಶಾಲೆ

6ರಿಂದ 18 ವರ್ಷದವರೆಗೆ, ಶೇ. 40 ಮತ್ತು ಮೇಲಿನ ಅಂಗವಿಕಲತೆ ಇರುವ ಮಗುವಿಗೆ ಹತ್ತಿರದ ಶಾಲೆಯಲ್ಲೋ ಇಷ್ಟಪಟ್ಟ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಬಾಯಿಮಾತಿನಲ್ಲಿ ‘ನಮ್ಮಲ್ಲಿ ಆಗಲ್ಲ’ ಅಂದರೆ ಅದನ್ನು ಬರಹದಲ್ಲಿ ಕೊಡಿ ಎಂದು ವಿನಯವಾಗಿ ಕೇಳಿ. ಎಷ್ಟೋ ಸಲ ಅಲ್ಲಿಗೇ ಧಾಟಿ ಬದಲಾಗುತ್ತದೆ. ಬದಲಾಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಆಮೇಲೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಗೆ ದೂರು ಕೊಡಿ.

ಪರೀಕ್ಷೆಗೆ ಬರೆಯುವ ಸಹಾಯಕರು, ಹೆಚ್ಚುವರಿ ಸಮಯ ಬೇಕಿದ್ದರೆ ಆ ವರ್ಷದ ಶುರುವಿನಲ್ಲೇ ಅರ್ಜಿ ಕೊಡಿ. ಸಾಮಾನ್ಯ ಶಾಲೆಯ ವೇಗ ಹೊಂದದ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ. ಅಲ್ಲಿ ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು.

## 7. ಕೆಲಸದ ತಯಾರಿ 14ಕ್ಕೇ ಶುರುವಾಗಲಿ

18 ಆದ ಮೇಲೆ ಯೋಚಿಸೋಣ ಅನ್ನುವವರೇ ಜಾಸ್ತಿ. ಆಗ ಶಾಲೆ ಮುಗಿದಿರುತ್ತದೆ, ಹುಡುಗ ಮನೆಯಲ್ಲಿ ಟಿವಿ ಮುಂದೆ ಕೂತಿರುತ್ತಾನೆ, ಕಲಿತದ್ದೂ ಒಂದೊಂದೇ ಮರೆತುಹೋಗುತ್ತದೆ.

14ರ ಹೊತ್ತಿಗೆ ಮನೆಯಲ್ಲಿ ಒಂದು ಪೂರ್ತಿ ಕೆಲಸ ಅವನದ್ದೇ ಆಗಲಿ. ಉದಾಹರಣೆಗೆ ಲೋಟ ತೊಳೆಯುವುದು. ಅದನ್ನು ಬಿಡಿಸಿ ನೋಡಿ: ಲೋಟದಲ್ಲಿ ಉಳಿದದ್ದು ಚೆಲ್ಲು, ನೀರು ಹಾಕು, ಸೋಪು ಹಚ್ಚು, ಒಳಗೆ ಉಜ್ಜು, ಹೊರಗೆ ಉಜ್ಜು, ತೊಳೆ, ಬೋರಲು ಹಾಕು. ಒಂದೊಂದಕ್ಕೂ ಫೋಟೋ ತೆಗೆದು ಸಿಂಕ್ ಮೇಲೆ ಅಂಟಿಸಿ. ಅವನು ಎಲ್ಲಿ ನಿಲ್ಲುತ್ತಾನೆ ನೋಡಿ. ಹೆಚ್ಚಾಗಿ ‘ಎಷ್ಟು ಉಜ್ಜಬೇಕು’ ಅನ್ನುವಲ್ಲಿ. ‘ಸ್ವಚ್ಛ ಆಗುವವರೆಗೆ’ ಎಂಬುದು ಅವನಿಗೆ ಅರ್ಥವಾಗದೆ ಇರಬಹುದು. ‘ಐದು ಸುತ್ತು’ ಅಂದರೆ ಅರ್ಥವಾಗುತ್ತದೆ. ನಾಳೆ ಕೆಲಸ ಕೊಡುವವರಿಗೂ ಇದೇ ಮಾತು ಹೇಳಬೇಕಾಗುತ್ತದೆ, ಅದಕ್ಕೇ ಬರೆದಿಟ್ಟುಕೊಳ್ಳಿ.

ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ಅಂಗವಿಕಲರಿಗೆ ಉದ್ಯೋಗ ಕೊಡಿಸುವುದಕ್ಕೇ ಮೀಸಲಾದ ಸಂಸ್ಥೆ. ಮಿಟ್ಟಿ ಕೆಫೆ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಯಿತು, ಅಲ್ಲಿ ಅಡುಗೆಯಿಂದ ಹಿಡಿದು ಬಡಿಸುವವರೆಗೆ ಅಂಗವಿಕಲರೇ ಕೆಲಸ ಮಾಡುತ್ತಾರೆ. ಓದಿ ಮುಂದೆ ಬಂದವರಿಗೆ ಸಾಫ್ಟ್‌ವೇರ್ ಕಂಪನಿಗಳಲ್ಲೂ ದಾರಿ ಇದೆ. ಎಸ್‌ಎಪಿ ಕಂಪನಿ 2013ರಲ್ಲಿ ಆಟಿಸಂ ಇರುವವರ ನೇಮಕಕ್ಕೆಂದೇ ಒಂದು ಕಾರ್ಯಕ್ರಮ ಆರಂಭಿಸಿತು, ಬೆಂಗಳೂರಿನ ಕಚೇರಿಯೂ ಅದರಲ್ಲಿತ್ತು. ಸರ್ಕಾರಿ ಕೆಲಸದಲ್ಲಿ ಅಂಗವಿಕಲರ ಶೇ. 4 ಮೀಸಲಿನಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಂಗವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹು ಅಂಗವಿಕಲತೆ ಇರುವವರಿಗೆ ಸೇರಿದ್ದು.

ಉದ್ಯೋಗ ಕೊಡಿಸುವ ಸಂಸ್ಥೆಗೆ ಇವನ್ನು ಕೇಳಿ: ಕೆಲಸಕ್ಕೆ ಸೇರಿದ ಮೇಲೆ ಜೊತೆಯಲ್ಲಿ ನಿಂತು ಕಲಿಸುವ ಜಾಬ್ ಕೋಚ್ ಎಷ್ಟು ದಿನ ಇರುತ್ತಾರೆ? ಸಂಬಳ ಯಾರ ಖಾತೆಗೆ ಬರುತ್ತದೆ? ಸಂದರ್ಶನದ ಬದಲು ಕೆಲಸ ಮಾಡಿ ತೋರಿಸಲು ಅವಕಾಶ ಇದೆಯಾ? ಚೆನ್ನಾಗಿ ಕೆಲಸ ಮಾಡುವ ಎಷ್ಟೋ ಹುಡುಗರು ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಯಲ್ಲೇ ಹೊರಗುಳಿಯುತ್ತಾರೆ.

ಎಚ್ಚರಿಕೆ: ವರ್ಷಗಟ್ಟಲೆ ‘ಇನ್ನೂ ತರಬೇತಿಯಲ್ಲಿದ್ದಾನೆ’ ಎಂದು ಹೇಳುತ್ತಾ, ಅವನು ಮಾಡಿದ ಮೇಣದ ಬತ್ತಿ, ಕಾಗದದ ಚೀಲ ಮಾರಿ, ಅವನಿಗೆ ಏನೂ ಕೊಡದ ಜಾಗ ಸರಿಯಲ್ಲ. ತರಬೇತಿ ಯಾವಾಗ ಮುಗಿಯುತ್ತದೆ ಎಂದು ಸೇರುವಾಗಲೇ ಬರೆಸಿಕೊಳ್ಳಿ.

ದೊಡ್ಡವರಾದ ಮೇಲೆ ತಮಗೆ ಆಟಿಸಂ ಇದೆ ಎಂದು ತಿಳಿದವರೂ ಇದನ್ನು ಓದುತ್ತಿರಬಹುದು. ನಿಮಗೂ 2ನೇ ಮತ್ತು 3ನೇ ಹೆಜ್ಜೆ ಅನ್ವಯಿಸುತ್ತದೆ. ಬಾಲ್ಯದ ವಿಷಯ ಕೇಳುತ್ತಾರೆ, ಹಾಗಾಗಿ ಅಮ್ಮನೋ ಅಕ್ಕನೋ ಜೊತೆಗಿದ್ದರೆ ಒಳ್ಳೆಯದು. ಆಫೀಸಿನಲ್ಲಿ ಹೇಳಬೇಕಾ ಬೇಡವಾ ಎಂಬುದು ನಿಮ್ಮ ತೀರ್ಮಾನ. ಹೇಳುವುದಾದರೆ ಹೆಸರಿನ ಜೊತೆ ಬೇಕಾದ್ದನ್ನೂ ಹೇಳಿ: ಸೂಚನೆ ಬರಹದಲ್ಲಿರಲಿ, ಕಿಟಕಿ ಪಕ್ಕದ ಸೀಟು ಇರಲಿ, ಮೀಟಿಂಗ್ ವಿಷಯ ಹಿಂದಿನ ದಿನ ಗೊತ್ತಾಗಲಿ.

## 8. 18 ತುಂಬಿದಾಗ: ಪಾಲಕತ್ವ

18 ತುಂಬಿದ ದಿನದಿಂದ ಕಾನೂನಿನ ಲೆಕ್ಕದಲ್ಲಿ ನೀವು ಅವರ ಪಾಲಕರಲ್ಲ. ಇದು ಗೊತ್ತಾಗುವುದು ಬ್ಯಾಂಕಿನಲ್ಲಿ, ಅಪ್ಪನ ಸಹಿ ನಡೆಯುವುದಿಲ್ಲ ಅಂದಾಗ.

ಮೊದಲು ಯೋಚಿಸಬೇಕಾದ್ದು, ಪಾಲಕರು ನಿಜವಾಗಿಯೂ ಬೇಕಾ ಎಂದು. ಹಣ, ಆಸ್ಪತ್ರೆ, ವಾಸದ ವಿಷಯದಲ್ಲಿ ಸ್ವಲ್ಪ ಸಹಾಯದಿಂದ ತಾವೇ ತೀರ್ಮಾನ ಮಾಡಬಲ್ಲವರಿಗೆ ಇದು ಬೇಡ. ಅವರನ್ನೇ ಕೂರಿಸಿಕೊಂಡು, ಅವರಿಗೆ ತಿಳಿಯುವ ರೀತಿಯಲ್ಲಿ ಕೇಳಿ. ಅನುಕೂಲ ಅಂತ ಅವರ ಹಕ್ಕು ಕಿತ್ತುಕೊಳ್ಳಬಾರದು.

ಬೇಕೇ ಬೇಕು ಅನ್ನುವುದಾದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ‘ಫಾರ್ಮ್ ಎ’ಯಲ್ಲಿ ಅರ್ಜಿ. ಕೋರ್ಟಿಗೆ ಹೋಗುವ ಅಗತ್ಯ ಇಲ್ಲ. ಅಪ್ಪ ಅಮ್ಮ, ಸಂಬಂಧಿಕರು, ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ಅಣ್ಣನೋ ತಂಗಿಯೋ ಮುಂದೆ ನೋಡಿಕೊಳ್ಳಲಿ ಅಂತಿದ್ದರೆ ಅವರ ಒಪ್ಪಿಗೆ ಕೇಳಿಯೇ ಹೆಸರು ಕೊಡಿ.

ಆದೇಶ ಬಂದ ಮೇಲೆ ಬಹಳ ಜನ ಅದನ್ನು ಬೀರುವಿನಲ್ಲಿಟ್ಟು ಮರೆಯುತ್ತಾರೆ. ಪಾಲಕರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ, ಸಾಲ, ಬರಬೇಕಾದ ಹಣದ ಪಟ್ಟಿಯನ್ನು ಸಲ್ಲಿಸಬೇಕು. ಆಮೇಲೆ ಪ್ರತಿ ವರ್ಷ, ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ 30ರೊಳಗೆ, ಲೆಕ್ಕ ಕೊಡಬೇಕು. ಆಸ್ತಿ ಏನೂ ಇಲ್ಲ, ಮಾಸಾಶನ ಮಾತ್ರ ಅನ್ನುವವರೂ ಅದನ್ನೇ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಪಾಲಕರೇ ಹಣ ನುಂಗುತ್ತಿದ್ದಾರೆ, ಅಥವಾ ಆ ವ್ಯಕ್ತಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಕಂಡರೆ ಅಪ್ಪ ಅಮ್ಮ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಅದೇ ಸಮಿತಿಗೆ ಅರ್ಜಿ ಕೊಟ್ಟು ಅವರನ್ನು ತೆಗೆಸಬಹುದು.